ಮಕ್ಕಳನ್ನು ಬುದ್ಧನ ದಾರಿಯಲ್ಲಿ ಬೆಳೆಸುವುದು: ನಮ್ಮ ಜಿಲ್ಲೆಯ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಲ್ಲಿ ಅಂಬೇಡ್ಕರ್ ಅವರ ಹಾದಿ ಹಿಡಿದು ಬೌದ್ಧರಾದ ಕುಟುಂಬಗಳಿವೆ. ಶಿರಸಿ, ಯಲ್ಲಾಪುರದ ಕಡೆ ಓದಿನಿಂದಲೋ ಧ್ಯಾನದಿಂದಲೋ ಬುದ್ಧನ ಹತ್ತಿರ ಬಂದವರಿದ್ದಾರೆ. ಮುಂಡಗೋಡದಲ್ಲಂತೂ ಟಿಬೆಟಿಯನ್ನರ ದೊಡ್ಡ ನೆಲೆಯೇ ಇದೆ. ಮಕ್ಕಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬ ಚಿಂತೆ ಈ ಎಲ್ಲ ಮನೆಗಳಲ್ಲೂ ಒಂದೇ. ಶಿರಸಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬುದ್ಧನ ಕಥೆ ಹೇಳುತ್ತಾ ಬಂದಿರುವ ನನ್ನ ಬಳಿ ದೊಡ್ಡವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ.

ನಮ್ಮ ಜಿಲ್ಲೆಗೂ ಬೌದ್ಧ ಧರ್ಮಕ್ಕೂ ಏನು ಸಂಬಂಧ?

ಬಹಳ ಹಳೆಯ ಸಂಬಂಧ. ಅಶೋಕನ ಕಾಲದಲ್ಲಿ ಬೇರೆ ಬೇರೆ ಸೀಮೆಗಳಿಗೆ ಭಿಕ್ಷುಗಳನ್ನು ಕಳಿಸಿದ ವಿಷಯ ಶ್ರೀಲಂಕಾದ ಪಾಲಿ ಗ್ರಂಥ ಮಹಾವಂಸದಲ್ಲಿದೆ. ಅವರಲ್ಲಿ ರಕ್ಖಿತ ಎಂಬ ಥೇರ, ಅಂದರೆ ಹಿರಿಯ ಭಿಕ್ಷು, ಹೋದದ್ದು ವನವಾಸ ಎಂಬ ಸೀಮೆಗೆ. ಅದು ನಮ್ಮ ಬನವಾಸಿ ಸೀಮೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಹಳೆಯದೊಂದು ನಾಗರಕಲ್ಲು ಇದೆ. ಚುಟು ರಾಜರ ಕಾಲದ್ದು. ರಾಜನ ಮಗಳು ಶಿವಸ್ಕಂದನಾಗಶ್ರೀ ಒಂದು ನಾಗ, ಒಂದು ಕೆರೆ, ಭಿಕ್ಷುಗಳು ಇರಲು ಒಂದು ವಿಹಾರ ಮಾಡಿಸಿಕೊಟ್ಟಳು ಎಂದು ಅದರ ಪ್ರಾಕೃತ ಶಾಸನ ಹೇಳುತ್ತದೆ. ಮಹಾರಾಷ್ಟ್ರದ ಕಾರ್ಲೆಯಲ್ಲಿ ಬಂಡೆ ಕೊರೆದು ಮಾಡಿದ ದೊಡ್ಡ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರ, ಇದೆಯಲ್ಲ, ಅದರ ಶಾಸನದಲ್ಲಿ ವೈಜಯಂತಿಯ ಶ್ರೇಷ್ಠಿ (ದೊಡ್ಡ ವ್ಯಾಪಾರಿ) ಭೂತಪಾಲನ ಹೆಸರಿದೆ. ವೈಜಯಂತಿ ಎಂದರೂ ಬನವಾಸಿಯೇ.

ಮಕ್ಕಳನ್ನು ಬನವಾಸಿಗೆ ಹೇಗೂ ಕರೆದುಕೊಂಡು ಹೋಗುತ್ತೀರಿ. ಆ ನಾಗರಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ, ಈ ಕಥೆ ಹೇಳಿ. ಬುದ್ಧ ಎಲ್ಲೋ ದೂರದವನು ಅನ್ನುವ ಭಾವನೆ ಹೋಗುತ್ತದೆ.

ಯಾವ ವಯಸ್ಸಿನಿಂದ ಕಲಿಸಬೇಕು?

ಬುದ್ಧನ ಮಗ ರಾಹುಲ ಭಿಕ್ಷುಗಳ ಸಂಘಕ್ಕೆ ಸೇರಿದಾಗ ಅವನಿಗೆ 7 ವರ್ಷ ಎಂದು ಪರಂಪರೆ ಹೇಳುತ್ತದೆ. ಅಷ್ಟು ಚಿಕ್ಕ ಹುಡುಗನಿಗೆ ಬುದ್ಧ ಏನು ಕಲಿಸಿದ ಎಂಬುದು ನಮಗೆಲ್ಲ ಬೇಕಾದ ಪಾಠ. ಪಾಲಿ ಗ್ರಂಥಗಳಲ್ಲಿ ರಾಹುಲನಿಗೆ ಕೊಟ್ಟ ಉಪದೇಶ ಪೂರ್ತಿ ಉಳಿದುಬಂದಿದೆ.

ಬುದ್ಧ ರಾಹುಲ ಇದ್ದಲ್ಲಿಗೆ ಬರುತ್ತಾನೆ. ಹುಡುಗ ಆಸನ ಹಾಕುತ್ತಾನೆ, ಕಾಲು ತೊಳೆಯಲು ನೀರಿಡುತ್ತಾನೆ. ಬುದ್ಧ ಕಾಲು ತೊಳೆದುಕೊಂಡು ಪಾತ್ರೆಯಲ್ಲಿ ಒಂಚೂರು ನೀರು ಉಳಿಸುತ್ತಾನೆ. 'ರಾಹುಲಾ, ಈ ಸ್ವಲ್ಪ ನೀರು ಕಾಣ್ತಿದೆಯಾ? ಬೇಕೆಂದೇ ಸುಳ್ಳು ಹೇಳಿ ನಾಚಿಕೆಪಡದವರಲ್ಲಿ ಉಳಿದಿರುವ ಒಳ್ಳೆಯತನ ಇಷ್ಟೇ.' ಆಮೇಲೆ ಆ ನೀರನ್ನು ಚೆಲ್ಲುತ್ತಾನೆ. ಪಾತ್ರೆಯನ್ನು ಬೋರಲು ಹಾಕುತ್ತಾನೆ. ಮತ್ತೆ ಎತ್ತಿ ಖಾಲಿ ಪಾತ್ರೆ ತೋರಿಸುತ್ತಾನೆ. ಒಂದೊಂದು ಸಲವೂ ಅದೇ ಮಾತು. ತಮಾಷೆಗೂ ಸುಳ್ಳು ಹೇಳುವುದಿಲ್ಲ ಎಂದು ಕಲಿತುಕೋ ಅನ್ನುತ್ತಾನೆ.

ನಂತರ ಕೇಳುತ್ತಾನೆ: 'ಕನ್ನಡಿ ಯಾಕೆ ಇರುವುದು?' ಹುಡುಗ ಉತ್ತರ ಕೊಡುತ್ತಾನೆ: 'ನೋಡಿಕೊಳ್ಳುವುದಕ್ಕೆ.' ಹಾಗೆಯೇ ಯಾವುದೇ ಕೆಲಸ ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೊ. ಇದರಿಂದ ನನಗೆ ನೋವಾಗುತ್ತದಾ? ಬೇರೆಯವರಿಗೆ ನೋವಾಗುತ್ತದಾ? ಆಗುತ್ತದೆ ಅನ್ನಿಸಿದರೆ ಬಿಡು. ಮಾಡಿ ಆಗಿದ್ದರೆ ತಿಳಿದವರ ಹತ್ತಿರ ಹೇಳಿಕೋ, ಮುಂದೆ ಮಾಡಬೇಡ.

ಏಳು ವರ್ಷದ ಮಗುವಿಗೆ ಕೊಟ್ಟ ಮೊದಲ ಪಾಠದಲ್ಲಿ ನಂಬಿಕೆಯ ಮಾತಿಲ್ಲ, ಪೂಜೆಯ ಮಾತಿಲ್ಲ. ತನ್ನ ಕೆಲಸವನ್ನು ತಾನೇ ನೋಡಿಕೊಳ್ಳುವ ಅಭ್ಯಾಸ ಮಾತ್ರ ಇದೆ. ಮಕ್ಕಳಿಗೆ ಕಲಿಸುವುದರಲ್ಲಿ ನಾನು ಎಲ್ಲಕ್ಕಿಂತ ಮುಂದೆ ಇಡುವುದು ಇದನ್ನೇ. ಮೂರು ವರ್ಷದ ಮಗುವಿನ ಹತ್ತಿರವೂ 'ತಮಾ, ನೀನು ದೂಡಿದಾಗ ತಂಗಿಗೆ ಏನಾಯ್ತು, ನೋಡು' ಎಂದು ಕೇಳಬಹುದು. ಅಲ್ಲಿಂದಲೇ ಶುರು.

ಇನ್ನೊಂದು ವಿಷಯ. ಅಶೋಕ ರಾಜಸ್ಥಾನದ ಬೈರಾಟ್ ಶಾಸನದಲ್ಲಿ ಭಿಕ್ಷುಗಳೂ ಗೃಹಸ್ಥರೂ ಮತ್ತೆ ಮತ್ತೆ ಕೇಳಬೇಕಾದ ಏಳು ಪಾಠಗಳನ್ನು ಹೆಸರಿಸಿದ್ದಾನೆ. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಉಪದೇಶ ಅದರಲ್ಲಿ ಒಂದು.

ಪಂಚಶೀಲವನ್ನು ಚಿಕ್ಕ ಮಕ್ಕಳಿಗೆ ಹೇಗೆ ಹೇಳುವುದು?

ಬಾಯಿಪಾಠ ಮಾಡಿಸಿ, ತಪ್ಪಿಲ್ಲ. ಮಕ್ಕಳಿಗೆ ಪಾಲಿಯ ಲಯ ಬೇಗ ಹಿಡಿಸುತ್ತದೆ. ಆದರೆ ಅರ್ಥವನ್ನು ದಿನದ ಕೆಲಸದಲ್ಲಿ ಕೊಡಿ. ಜೀವಕ್ಕೆ ನೋವು ಮಾಡುವುದಿಲ್ಲ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ. ಪಕ್ಕದ ಮನೆಯ ಪೇರಲೆ ಹಣ್ಣೂ ಸೇರಿ. ಸುಳ್ಳು ಹೇಳುವುದಿಲ್ಲ. ಅಮಲು ಪದಾರ್ಥ ಮುಟ್ಟುವುದಿಲ್ಲ. ಕಾಮದ ಕೆಟ್ಟ ನಡತೆ ಬೇಡ ಎನ್ನುವ ಮೂರನೆಯ ಶೀಲವನ್ನು ಚಿಕ್ಕವರಿಗೆ 'ಯಾರ ಮೈಯನ್ನೂ ಅವರಿಗೆ ಇಷ್ಟವಿಲ್ಲದೆ ಮುಟ್ಟಬಾರದು, ನಿನ್ನನ್ನೂ ಯಾರೂ ಹಾಗೆ ಮುಟ್ಟಬಾರದು' ಎಂದು ನಾನು ಹೇಳುತ್ತೇನೆ. ಈ ಕಾಲಕ್ಕೆ ಇದು ತೀರಾ ಬೇಕಾದ ಮಾತು.

ಐದನೆಯದನ್ನು, ಅಂದರೆ ಅಮಲಿನದ್ದನ್ನು, ಅಪ್ಪಂದಿರು ತಾವು ಪಾಲಿಸದೆ ಮಗನಿಗೆ ಕಲಿಸಲು ಹೋಗಬಾರದು. ಮಕ್ಕಳು ಕಿವಿಗಿಂತ ಕಣ್ಣಿನಿಂದ ಜಾಸ್ತಿ ಕಲಿಯುತ್ತಾರೆ.

ಮಕ್ಕಳನ್ನು ಗದರಬಹುದಾ? ಹೊಡೆಯಬಹುದಾ?

ಗದರಬಹುದು. ಹೊಡೆಯುವುದು ಬೇಡ.

ಅಭಯ ಎಂಬ ರಾಜಕುಮಾರ ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಬುದ್ಧನ ಎದುರು ಕೂತಿದ್ದ. ಮನಸ್ಸಿಗೆ ಹಿಡಿಸದ ಮಾತನ್ನು ನೀವು ಆಡುತ್ತೀರಾ ಎಂದು ಕೇಳಿದ. ಬುದ್ಧ ಮಗುವನ್ನೇ ತೋರಿಸಿ ತಿರುಗಿ ಕೇಳಿದ: ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯಾ? ಅಭಯ ಹೇಳಿದ, ತಲೆ ಹಿಡಿದು, ಬೆರಳು ಹಾಕಿ, ರಕ್ತ ಬಂದರೂ ಸರಿ, ತೆಗೆಯುತ್ತೇನೆ. ಯಾಕೆ? ಮಗುವಿನ ಮೇಲೆ ಕರುಣೆ ಇರುವುದರಿಂದ.

ಅಂದರೆ ಬುದ್ಧನ ದಾರಿಯಲ್ಲಿ ಕರುಣೆ ಎಂದರೆ ಮಕ್ಕಳು ಕೇಳಿದ್ದಕ್ಕೆಲ್ಲ ಹೂಂ ಅನ್ನುವುದಲ್ಲ. ಮಗುವಿಗೆ ಹಿಡಿಸದ ಮಾತನ್ನೂ ಹೇಳಬೇಕಾಗುತ್ತದೆ. ಆದರೆ ಮೂರು ವಿಷಯ ನೋಡಿಕೊಳ್ಳಬೇಕು ಎಂದು ಅದೇ ಉಪದೇಶದಲ್ಲಿದೆ: ಮಾತು ನಿಜವಾ, ಅದರಿಂದ ಉಪಯೋಗ ಉಂಟಾ, ಇದು ಹೇಳುವ ಹೊತ್ತಾ. ನೆಂಟರ ಮುಂದೆ ಮಗಳ ಮಾರ್ಕ್ಸ್ ವಿಷಯ ತೆಗೆದು ಬೈಯುವುದು ನಿಜದ ಮಾತೇ ಇರಬಹುದು, ಹೊತ್ತು ಮಾತ್ರ ಪೂರ್ತಿ ತಪ್ಪು.

ಹೊಡೆತದ ವಿಷಯ ಬೇರೆ. ಕೋಲಿಗೆ ಎಲ್ಲರೂ ಹೆದರುತ್ತಾರೆ, ತನ್ನಂತೆಯೇ ಇತರರು ಎಂದು ತಿಳಿದು ಯಾರನ್ನೂ ಹೊಡೆಯಬಾರದು ಎಂಬ ಮಾತು ಬುದ್ಧನ ಪದ್ಯಗಳ ಸಂಗ್ರಹವಾದ ಧಮ್ಮಪದದಲ್ಲಿದೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ನಿಷೇಧಿಸಿದೆ. ಮನೆಯಲ್ಲಿ ಹೊಡೆದು ಅಹಿಂಸೆಯ ಪಾಠ ಹೇಳಿದರೆ ಮಗು ಯಾವುದನ್ನು ನಂಬಬೇಕು?

ನಾವು ಕರಾವಳಿಯವರು. ಮೀನು ಬಿಡಬೇಕಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಮೀನು ಸಾರಿಲ್ಲದ ಊಟವನ್ನು ಊಟ ಎಂದೇ ಲೆಕ್ಕಕ್ಕೆ ಹಿಡಿಯದ ಮನೆಗಳಿವೆ. ಹಾಗಾಗಿ ನೇರವಾಗಿ ಹೇಳುತ್ತೇನೆ.

ಬುದ್ಧ ಭಿಕ್ಷುಗಳಿಗೂ ಮೀನು, ಮಾಂಸವನ್ನು ಪೂರ್ತಿ ನಿಷೇಧಿಸಲಿಲ್ಲ. ಸಂಘದಲ್ಲೇ ಇದ್ದ ದೇವದತ್ತ ಎಂಬ ಭಿಕ್ಷು ನಿಷೇಧಿಸಬೇಕು ಎಂದು ಕೇಳಿದಾಗ ಒಪ್ಪಲಿಲ್ಲ. ತನಗೋಸ್ಕರ ಕೊಂದದ್ದನ್ನು ನೋಡಿರಬಾರದು, ಕೇಳಿರಬಾರದು, ಹಾಗೆಂಬ ಅನುಮಾನವೂ ಇರಬಾರದು ಎಂಬ ಮೂರು ಷರತ್ತು ಇಟ್ಟ. ನಂತರ ಬೆಳೆದ ಮಹಾಯಾನ ಪಂಥದ ಕೆಲವು ಸೂತ್ರಗಳು ಮಾಂಸವನ್ನು ಕಡ್ಡಾಯವಾಗಿ ಬಿಡಬೇಕು ಅನ್ನುತ್ತವೆ. ಚೀನಾ, ವಿಯೆಟ್ನಾಂನ ಭಿಕ್ಷುಗಳು ಸಸ್ಯಾಹಾರಿಗಳು. ಟಿಬೆಟ್, ಶ್ರೀಲಂಕಾ, ಥಾಯ್ಲೆಂಡ್‌ನಲ್ಲಿ ತಿನ್ನುವವರೂ ಇದ್ದಾರೆ, ಬಿಟ್ಟವರೂ ಇದ್ದಾರೆ. ಆದ್ದರಿಂದ ಮೀನು ತಿನ್ನುವ ಮನೆಯ ಮಗು ಬೌದ್ಧ ಆಗಲಾರದು ಎನ್ನುವುದಕ್ಕೆ ಆಧಾರವಿಲ್ಲ. ಮಗು ತಾನಾಗಿ 'ನನಗೆ ಬೇಡ' ಅಂದರೆ ಬಲವಂತ ಮಾಡಬೇಡಿ. ಬೇಳೆ, ಕಾಳು, ಮೊಟ್ಟೆ, ಹಾಲು ಸರಿಯಾಗಿ ಕೊಡಿ, ಸಾಕು.

ಇನ್ನೂ ಕಷ್ಟದ ಪ್ರಶ್ನೆ ಮೀನುಗಾರರ ಮನೆಯದ್ದು. ಉಪಾಸಕರು, ಅಂದರೆ ಬೌದ್ಧ ಗೃಹಸ್ಥರು, ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧ ಹೇಳಿದ್ದಾನೆ: ಆಯುಧ, ಜೀವಿಗಳು, ಮಾಂಸ, ಅಮಲು, ವಿಷ. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಅದೇ ಹೊತ್ತಿಗೆ, ಹೊಟ್ಟೆಪಾಡಿಗೆ ಸಮುದ್ರಕ್ಕೆ ಹೋಗುವ ಖಾರ್ವಿ, ಹರಿಕಂತ್ರ, ಅಂಬಿಗರ ಮಕ್ಕಳು ನಮ್ಮ ಮಕ್ಕಳ ಜೊತೆಗೇ ಬೆಂಚಿನ ಮೇಲೆ ಕೂರುತ್ತಾರೆ. ಬೌದ್ಧ ಮನೆಯ ಮಗು ಅವರನ್ನು ಕೀಳಾಗಿ ನೋಡಿದರೆ ಅದು ಮೀನು ತಿನ್ನುವುದಕ್ಕಿಂತ ದೊಡ್ಡ ತಪ್ಪು.

ಮಕ್ಕಳ ಮಟ್ಟಿಗೆ ಇಲ್ಲಿ ಕಲಿಸಬೇಕಾದದ್ದು ಬೇರೆಯೇ ಇದೆ. ಶ್ರಾವಸ್ತಿಯ ದಾರಿಯಲ್ಲಿ ಹುಡುಗರು ಮೀನುಗಳನ್ನು ಹಿಂಸಿಸುತ್ತಿದ್ದರು. ಬುದ್ಧ ಹತ್ತಿರ ಹೋಗಿ, 'ಮಕ್ಕಳೇ, ನಿಮಗೆ ನೋವೆಂದರೆ ಹೆದರಿಕೆ ಇದೆಯಾ? ನೋವು ನಿಮಗೆ ಬೇಡ ಅಲ್ವಾ?' ಎಂದು ಕೇಳಿದ. ಇನ್ನೊಮ್ಮೆ ಹಾವನ್ನು ಕೋಲಿನಿಂದ ಹೊಡೆಯುತ್ತಿದ್ದ ಹುಡುಗರನ್ನೂ ಕಂಡ. ಎರಡು ಕಡೆಯೂ ಮಕ್ಕಳನ್ನು ಶಪಿಸಲಿಲ್ಲ, ನರಕದ ಹೆದರಿಕೆ ತೋರಿಸಲಿಲ್ಲ. ನಮ್ಮ ಬೇಲೆಯಲ್ಲಿ (ಕಡಲ ದಂಡೆಯಲ್ಲಿ) ಏಡಿಯ ಕಾಲಿಗೆ ದಾರ ಕಟ್ಟಿ ಎಳೆಯುವ ಹುಡುಗನಿಗೂ ಅದೇ ಪ್ರಶ್ನೆ ಕೇಳಿ. ಕೇಳಿ ಸುಮ್ನೆ ಇರಿ. ಉತ್ತರವನ್ನು ಅವನೇ ಹುಡುಕಲಿ.

ಕಾಪಾಡುವ ಕೆಲಸವನ್ನೂ ತೋರಿಸಿ. ಚಳಿಗಾಲದಲ್ಲಿ ಹೊನ್ನಾವರದ ಕಾಸರಕೋಡ ಟೊಂಕದಂಥ ಕಡೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರೂ ಊರಿನ ಮೀನುಗಾರರೂ ಆ ಮೊಟ್ಟೆ ಕಾಯುತ್ತಾರೆ. ಮರಿಗಳನ್ನು ಕಡಲಿಗೆ ಬಿಡುವುದನ್ನು ಒಮ್ಮೆ ನೋಡಿದ ಮಗುವಿಗೆ ಮೊದಲ ಶೀಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಗಾಲದಲ್ಲಿ ಏನಾದರೂ ವಿಶೇಷ ಮಾಡಬಹುದಾ?

ಖಂಡಿತ. ಹಳೆಯ ಕಾಲದಲ್ಲಿ ಭಿಕ್ಷುಗಳು ಮಳೆಯಲ್ಲೂ ತಿರುಗುತ್ತಿದ್ದರು. ಹಸಿರು ತುಳಿಯುತ್ತಾರೆ, ಸಣ್ಣ ಜೀವಿಗಳನ್ನು ಸಾಯಿಸುತ್ತಾರೆ, ಹಕ್ಕಿಗಳೂ ಈ ಹೊತ್ತಿಗೆ ಗೂಡಲ್ಲಿ ಇರುತ್ತವಲ್ಲ ಎಂದು ಜನ ಬೇಸರಪಟ್ಟರು. ಆಗ ಮೂರು ತಿಂಗಳು ಒಂದೇ ಕಡೆ ಇರುವ ವರ್ಷಾವಾಸದ ನಿಯಮ ಬಂತು. ಆಷಾಢ ಹುಣ್ಣಿಮೆಯ ಮಾರನೆಯ ದಿನದಿಂದ ಅದು ಶುರು.

ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಬಂದರಿನಲ್ಲಿ ಸಾಲಾಗಿ ನಿಂತ ಬೋಟುಗಳನ್ನು ತೋರಿಸಿ ವರ್ಷಾವಾಸದ ಕಥೆ ಹೇಳಿದರೆ ಮಕ್ಕಳಿಗೆ ಚೆನ್ನಾಗಿ ನಾಟುತ್ತದೆ. ಆ ಮೂರು ತಿಂಗಳು ಮನೆಮಂದಿ ಎಲ್ಲ ಸೇರಿ ಒಂದು ವ್ರತ ಇಟ್ಟುಕೊಳ್ಳಬಹುದು. ದಿನಾ ರಾತ್ರಿ ಒಂದು ಕಥೆ ಓದುವುದು, ವಾರಕ್ಕೊಮ್ಮೆ ಟಿವಿ ಇಲ್ಲದ ಸಂಜೆ. ಹೇಗೂ ಕರೆಂಟ್ ಇರುವುದಿಲ್ಲ.

ಧ್ಯಾನ ಮಾಡಿಸಬೇಕಾ? ಎಷ್ಟು ಹೊತ್ತು?

ಐದಾರು ವರ್ಷದ ಮಕ್ಕಳಿಗೆ ಎರಡು ಮೂರು ನಿಮಿಷ ಜಾಸ್ತಿಯೇ. ಮಲಗಿ, ಹೊಟ್ಟೆಯ ಮೇಲೆ ಒಂದು ಗೊಂಬೆ ಇಟ್ಟುಕೊಂಡು, ಅದು ಏರುವುದು ಇಳಿಯುವುದು ನೋಡಲಿ. ಸ್ವಲ್ಪ ದೊಡ್ಡವರಾದ ಮೇಲೆ ಉಸಿರು ಮೂಗಿನ ಹತ್ತಿರ ಬಂದು ಹೋಗುವುದನ್ನು ಗಮನಿಸಲು ಹೇಳಿ. ಎಸ್.ಎನ್. ಗೋಯಂಕಾ ಪರಂಪರೆಯ ವಿಪಶ್ಯನಾ ಕೇಂದ್ರಗಳಲ್ಲಿ ಎಂಟು ವರ್ಷ ದಾಟಿದ ಮಕ್ಕಳಿಗೆ ಆನಾಪಾನದ, ಅಂದರೆ ಉಸಿರು ಗಮನಿಸುವ ಧ್ಯಾನದ, ಚಿಕ್ಕ ಶಿಬಿರಗಳು ಇರುತ್ತವೆ.

ಶಿಕ್ಷೆಯಾಗಿ ಮಾತ್ರ ಕೂರಿಸಬೇಡಿ. 'ಗಲಾಟೆ ಮಾಡಿದೆ, ಹೋಗಿ ಧ್ಯಾನ ಮಾಡು' ಅಂದರೆ ಧ್ಯಾನದ ಮೇಲೆ ಜೀವಮಾನಕ್ಕಾಗುವಷ್ಟು ಬೇಸರ ಬರುತ್ತದೆ. ಮೈತ್ರಿ ಭಾವನೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಮಲಗುವ ಮುಂಚೆ ನಾನು ಚೆನ್ನಾಗಿರಲಿ, ಆಯಿ ಚೆನ್ನಾಗಿರಲಿ, ಕೊಟ್ಟಿಗೆಯ ದನ ಚೆನ್ನಾಗಿರಲಿ, ಕ್ಲಾಸಿನಲ್ಲಿ ಜಗಳ ಆಡಿದ ಹುಡುಗನೂ ಚೆನ್ನಾಗಿರಲಿ. ಕೊನೆಯದಕ್ಕೆ ಬಂದಾಗ ಮಗು ಸ್ವಲ್ಪ ತಡೆಯುತ್ತದೆ. ಒತ್ತಾಯ ಬೇಡ. ನಾಳೆ ಹೇಳಲಿ.

'ಬುದ್ಧ ತನ್ನ ಮಗುವನ್ನು ಬಿಟ್ಟು ಯಾಕೆ ಹೋದ?' ಎಂದು ಮಗಳು ಕೇಳುತ್ತಾಳೆ

ಕಥೆ ಕೇಳಿದ ಮಕ್ಕಳೆಲ್ಲ ಇದನ್ನು ಕೇಳುತ್ತಾರೆ. ಕೇಳದಿದ್ದರೆ ಕಥೆ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದೇ ಅರ್ಥ. 'ಲೋಕಕಲ್ಯಾಣಕ್ಕೆ' ಎಂದು ಬಾಯಿ ಮುಚ್ಚಿಸಬೇಡಿ.

ನಡುರಾತ್ರಿ ಮಲಗಿದ್ದ ಹೆಂಡತಿ, ಮಗುವನ್ನು ಬಿಟ್ಟು ಹೋದ ಕಥೆ ನಂತರದ ಗ್ರಂಥಗಳಲ್ಲಿ ಬೆಳೆದದ್ದು. ಹಳೆಯದೊಂದು ಸೂತ್ರದಲ್ಲಿ ಬುದ್ಧನೇ ಹೇಳಿಕೊಂಡಂತೆ, ತಂದೆ ತಾಯಿ ಒಪ್ಪದೆ ಕಣ್ಣೀರು ಹಾಕುತ್ತಿದ್ದರು, ತಾನು ತಲೆ ಬೋಳಿಸಿಕೊಂಡು ಹೊರಟೆ. ಯಾವ ರೀತಿ ಹೇಳಿದರೂ ಮನೆಯವರಿಗೆ ನೋವಾಯಿತು ಎನ್ನುವುದು ನಿಜ. ಪರಂಪರೆ ಅದನ್ನು ಮುಚ್ಚಿಟ್ಟಿಲ್ಲ. ಬುದ್ಧ ಕಪಿಲವಸ್ತುವಿಗೆ ಮರಳಿದಾಗ ರಾಹುಲನನ್ನೂ ಸಂಘಕ್ಕೆ ಸೇರಿಸಿಕೊಂಡರು. ಆಗ ಅಜ್ಜ ಶುದ್ಧೋದನ ಬಂದು ಹೇಳಿದ: ಮಕ್ಕಳ ಮೇಲಿನ ಪ್ರೀತಿ ಚರ್ಮ ಕೊಯ್ದು, ಮಾಂಸ ಕೊಯ್ದು, ಎಲುಬು ಕೊಯ್ದು ಮಜ್ಜೆಯವರೆಗೆ ಹೋಗುತ್ತದೆ. ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಇನ್ನು ಯಾವ ಮಗುವಿಗೂ ದೀಕ್ಷೆ ಕೊಡಬೇಡಿ. ಬುದ್ಧ ಒಪ್ಪಿದ. ಅದೇ ನಿಯಮವಾಯಿತು, ಇವತ್ತಿಗೂ ಇದೆ.

ಮಗಳಿಗೆ ಇಷ್ಟನ್ನೂ ಹೇಳಿ. ಯಶೋಧರೆಗೆ ಸಿಟ್ಟು ಬಂದಿರಬಹುದು ಎಂದು ಅವಳು ಅಂದರೆ, ಹೌದು, ಬಂದಿರಬಹುದು ಅನ್ನಿ.

ಜಾತಕ ಕಥೆಗಳಲ್ಲಿ ಯಾವುದು ಹೇಳಬೇಕು?

ಬುದ್ಧನ ಹಿಂದಿನ ಜನ್ಮಗಳ ಈ ಕಥೆಗಳು ಪಾಲಿಯಲ್ಲಿ 547 ಇವೆ. ಚಿಕ್ಕವರಿಗೆ ಬಲೆಯನ್ನೇ ಎತ್ತಿಕೊಂಡು ಹಾರಿದ ಹಕ್ಕಿಗಳ ಕಥೆ, ಬಸುರಿ ಜಿಂಕೆಯ ಬದಲು ತಾನೇ ಕೊರಳು ಕೊಡಲು ಬಂದ ಜಿಂಕೆ ರಾಜನ ಕಥೆ, ಚಂದ್ರನಲ್ಲಿ ಕಾಣುವ ಮೊಲದ ಕಥೆ ಬಹಳ ಒಳ್ಳೆಯವು. ತನ್ನ ಬೆನ್ನನ್ನೇ ಸೇತುವೆ ಮಾಡಿ ಮಂಗಗಳನ್ನು ದಾಟಿಸಿದ ಕಪಿರಾಜನ ಕಥೆಗೆ ನಮ್ಮ ಕಡೆಯ ಮಕ್ಕಳು ಕಣ್ಣು ಬಿಟ್ಟು ಕೂರುತ್ತಾರೆ. ತೋಟಕ್ಕೆ ನುಗ್ಗುವ ಮಂಗಗಳನ್ನು ದಿನಾ ನೋಡುವವರಲ್ವಾ.

ವೆಸ್ಸಂತರನ ಕಥೆ ಮಾತ್ರ ಚಿಕ್ಕವರಿಗೆ ಬೇಡ. ಅವನು ದಾನದ ಹೆಸರಲ್ಲಿ ತನ್ನ ಮಕ್ಕಳನ್ನೇ ಕೊಟ್ಟುಬಿಡುತ್ತಾನೆ. 'ನನ್ನನ್ನೂ ಕೊಡ್ತೀಯಾ ಅಪ್ಪಾ?' ಎಂದು ಕೇಳಿ ನಿದ್ದೆಗೆಟ್ಟ ಮಗುವನ್ನು ನಾನು ಕಂಡಿದ್ದೇನೆ.

ಮನೆಯಲ್ಲಿ ಅಜ್ಜಿ ಪೂಜೆ ಮಾಡುತ್ತಾರೆ, ಊರಲ್ಲಿ ಜಾತ್ರೆ. ಮಕ್ಕಳನ್ನು ದೂರ ಇಡಬೇಕಾ?

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದಾಗ ಅಂಬೇಡ್ಕರ್ ಅವರು ಕೊಟ್ಟ 22 ಪ್ರತಿಜ್ಞೆಗಳನ್ನು ಹಿಡಿದ ಮನೆಗಳಲ್ಲಿ ದೇವರ ಪೂಜೆ, ಶ್ರಾದ್ಧ ಮಾಡುವುದಿಲ್ಲ ಎಂಬುದು ಸ್ಪಷ್ಟ. ಅದರ ಹಿಂದೆ ತಲೆಮಾರುಗಳ ಅವಮಾನದಿಂದ ಹೊರಬಂದ ಇತಿಹಾಸವಿದೆ. ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಆ ಇತಿಹಾಸ ಹೇಳಲೇಬೇಕು. ಹೇಳದೆ ಬರೀ 'ಅಲ್ಲಿಗೆ ಹೋಗಬೇಡ' ಅಂದರೆ ಮಗುವಿಗೆ ಅರ್ಥವಾಗುವುದಿಲ್ಲ.

ಧ್ಯಾನ, ಓದಿನ ಮೂಲಕ ಬಂದ ಮನೆಗಳಲ್ಲಿ ಅಜ್ಜಿಯ ದೇವರಕೋಣೆ ಹಾಗೇ ಇರುತ್ತದೆ. ಇರಲಿ. ಅಜ್ಜಿ ಕೊಟ್ಟ ಪ್ರಸಾದ ಮಗು ತಿಂದರೆ ಯಾವ ಶೀಲವೂ ಮುರಿಯುವುದಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಇಡೀ ಊರಿನ ಮಕ್ಕಳು ತೊಟ್ಟಿಲು ಹತ್ತುವಾಗ ನಿಮ್ಮ ಮಗುವನ್ನು ಮನೆಯಲ್ಲಿ ಕೂರಿಸಬೇಡಿ.

'ದೇವರು ಇದ್ದಾನಾ?' ಎಂದು ಕೇಳಿದರೆ, ಲೋಕವನ್ನು ಸೃಷ್ಟಿ ಮಾಡಿದ ದೇವರನ್ನು ಬುದ್ಧನ ದಾರಿಯಲ್ಲಿ ಒಪ್ಪುವುದಿಲ್ಲ, ಅಜ್ಜಿ ಒಪ್ಪುತ್ತಾಳೆ, ಇಬ್ಬರೂ ನಿನಗೆ ಒಳ್ಳೆಯದನ್ನೇ ಬಯಸುತ್ತಾರೆ ಎಂದು ಹೇಳಿ. ಹತ್ತು ವರ್ಷದ ಮಗು ಇದನ್ನು ನಮಗಿಂತ ಸುಲಭವಾಗಿ ತೆಗೆದುಕೊಳ್ಳುತ್ತದೆ.

ಅಜ್ಜ ತೀರಿಕೊಂಡರು. ಮಗುವಿಗೆ ಏನು ಹೇಳುವುದು?

'ಅಜ್ಜ ಊರಿಗೆ ಹೋಗಿದ್ದಾರೆ' ಎಂದು ಹೇಳಬೇಡಿ. ಮಗು ಕಾಯುತ್ತದೆ. ಸತ್ತರು, ಮತ್ತೆ ಬರುವುದಿಲ್ಲ, ನಮಗೆಲ್ಲ ಬೇಸರವಾಗಿದೆ, ಅಳಬಹುದು ಎಂದು ಹೇಳಿ. ಕಿಸಾಗೋತಮಿಯ ಕಥೆ ಗೊತ್ತಲ್ಲ? ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೇಳಿದ ತಾಯಿಗೆ ಬುದ್ಧ, ಸಾವೇ ಆಗದ ಮನೆಯಿಂದ ಸಾಸಿವೆ ತಾ ಎಂದ. ಆ ಕಥೆಯನ್ನು ಸಾವಿನ ದಿನ ಹೇಳಬೇಡಿ. ಸ್ವಲ್ಪ ಕಾಲ ಕಳೆದ ಮೇಲೆ ಹೇಳಿ. ಗೋತಮಿ ಮನೆ ಮನೆಗೆ ಹೋಗುತ್ತಾ ಎಲ್ಲರ ದುಃಖ ಕೇಳಿಸಿಕೊಂಡಳು ಎಂಬುದನ್ನು ಬಿಡದೆ ಹೇಳಿ.

ಅಜ್ಜನ ಹೆಸರಲ್ಲಿ ಮಗುವಿನ ಕೈಯಿಂದ ಏನಾದರೂ ದಾನ ಕೊಡಿಸುವುದು ಹಲವು ಬೌದ್ಧ ದೇಶಗಳಲ್ಲಿ ಇರುವ ರೂಢಿ. ಸರ್ಕಾರಿ ಶಾಲೆಗೆ ನಾಲ್ಕು ಪುಸ್ತಕ ಕೊಟ್ಟರೂ ಆಯಿತು.

ಓದಿನಲ್ಲಿ ಹಿಂದೆ ಇದ್ದಾನೆ. ಪರೀಕ್ಷೆ, ಸ್ಪರ್ಧೆ ಇವಕ್ಕೆಲ್ಲ ಬೌದ್ಧ ದಾರಿ ಏನನ್ನುತ್ತದೆ?

ಓದು ಬೇಡ ಎಂದು ಬುದ್ಧ ಎಲ್ಲೂ ಹೇಳಲಿಲ್ಲ. ಸಿಗಾಲ ಎಂಬ ಯುವಕನಿಗೆ ಹೇಳಿದ ಉಪದೇಶದಲ್ಲಿ ತಂದೆ ತಾಯಿಯ ಐದು ಕರ್ತವ್ಯಗಳಿವೆ. ಕೆಟ್ಟದ್ದರಿಂದ ತಡೆಯುವುದು, ಒಳ್ಳೆಯದಕ್ಕೆ ಹಚ್ಚುವುದು, ಒಂದು ಕಸುಬು ಕಲಿಸುವುದು, ತಕ್ಕ ಸಂಬಂಧ ನೋಡುವುದು, ಸಮಯಕ್ಕೆ ಸರಿಯಾಗಿ ಆಸ್ತಿ ಒಪ್ಪಿಸುವುದು. ಕೈಗೊಂದು ಕೆಲಸ ಕಲಿಸುವುದು ಧರ್ಮದ ಭಾಗವೇ.

ಹಿಂದೆ ಬಿದ್ದ ಮಕ್ಕಳಿಗೆ ಚೂಳಪಂಥಕನ ಕಥೆ ಹೇಳಿ. ನಾಲ್ಕು ತಿಂಗಳಾದರೂ ಅವನಿಗೆ ಒಂದು ಪದ್ಯ ಬಾಯಿಗೆ ಬರಲಿಲ್ಲ. ಸ್ವಂತ ಅಣ್ಣನೇ ಇಲ್ಲಿಂದ ಹೋಗು ಅಂದ. ಅಳುತ್ತಾ ನಿಂತವನ ಕೈಗೆ ಬುದ್ಧ ಒಂದು ಬಿಳಿ ಬಟ್ಟೆ ಕೊಟ್ಟು, ಇದನ್ನು ಉಜ್ಜುತ್ತಾ ಕೂರು ಅಂದ. ಬಟ್ಟೆ ಮಾಸುತ್ತಾ ಹೋದದ್ದನ್ನು ನೋಡುತ್ತಲೇ ಅವನಿಗೆ ಎಲ್ಲವೂ ಬದಲಾಗುತ್ತದೆ ಎಂಬುದು ತಿಳಿಯಿತು, ಅರಹಂತನಾದ, ಅಂದರೆ ಪೂರ್ತಿ ಬಿಡುಗಡೆ ಪಡೆದ. ಅಣ್ಣ ಕಲಿತ ರೀತಿಯಲ್ಲಿ ತಮ್ಮ ಕಲಿಯಲಿಲ್ಲ, ಅಷ್ಟೇ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಎಷ್ಟನೇ ಸ್ಥಾನ ಎಂದು ಪ್ರತಿ ವರ್ಷ ಚರ್ಚೆ ಮಾಡುವ ನಾವು ಈ ಕಥೆಯನ್ನೂ ನೆನಪಿಟ್ಟುಕೊಂಡರೆ ಎಷ್ಟೋ ಮಕ್ಕಳು ನೆಮ್ಮದಿಯಿಂದ ಉಸಿರಾಡಿಯಾರು.

ಮೊಬೈಲ್ ಬಿಡಿಸುವುದು ಹೇಗೆ?

ಮೊದಲು ನಿಮ್ಮದನ್ನು ಊಟದ ಹೊತ್ತಿಗೆ ಬೇರೆ ಕೋಣೆಯಲ್ಲಿ ಇಡಿ. ಆಮೇಲೆ ಮಗುವಿಗೆ ಹೇಳಿ.

ಶಾಲೆಯ ದಾಖಲೆಯಲ್ಲಿ ಧರ್ಮದ ಕಾಲಂನಲ್ಲಿ ಬೌದ್ಧ ಎಂದು ಬರೆಸಿದರೆ ಮೀಸಲಾತಿ ಹೋಗುತ್ತದಾ?

ಪರಿಶಿಷ್ಟ ಜಾತಿಯವರಿಗೆ ಹೋಗುವುದಿಲ್ಲ. 1990ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಬೌದ್ಧರಾದ ಪರಿಶಿಷ್ಟ ಜಾತಿಯವರಿಗೂ ಸೌಲಭ್ಯ ವಿಸ್ತರಿಸಿದ್ದಾರೆ. ಬೌದ್ಧರು ಕೇಂದ್ರ ಸರ್ಕಾರ ಘೋಷಿಸಿದ ಅಲ್ಪಸಂಖ್ಯಾತ ಸಮುದಾಯವೂ ಹೌದು. ಆದರೆ ಜಾತಿ ಪ್ರಮಾಣಪತ್ರ ಮತ್ತು ಶಾಲೆಯ ದಾಖಲೆ ಒಂದಕ್ಕೊಂದು ತಾಳೆಯಾಗಬೇಕು. ಒಂದನೇ ತರಗತಿಗೆ ಸೇರಿಸುವಾಗಲೇ ನಾಡಕಚೇರಿಯಲ್ಲಿ ಕೇಳಿ ಸರಿಮಾಡಿಕೊಳ್ಳಿ. ಹತ್ತನೇ ತರಗತಿ ದಾಟಿದ ಮೇಲೆ ತಿದ್ದುವುದು ಬಹಳ ಓಡಾಟದ ಕೆಲಸ.

ಮಗನನ್ನು ಮುಂಡಗೋಡದ ಮಠಕ್ಕೆ ಸೇರಿಸಬಹುದಾ?

ಮೊದಲು ಅಲ್ಲಿ ಏನಿದೆ ಎಂದು ತಿಳಿದುಕೊಳ್ಳಿ. ಮುಂಡಗೋಡದ ಟಿಬೆಟಿಯನ್ ನೆಲೆ ಶುರುವಾದದ್ದು 1966ರಲ್ಲಿ. ಟಿಬೆಟಿನಲ್ಲಿ 1409ರಲ್ಲಿ ಹುಟ್ಟಿದ ಗಾದೆನ್, 1416ರಲ್ಲಿ ಹುಟ್ಟಿದ ದ್ರೆಪುಂಗ್ ಮಠಗಳನ್ನು ದೇಶ ಬಿಟ್ಟು ಬಂದ ಭಿಕ್ಷುಗಳು ಇಲ್ಲಿ ಮತ್ತೆ ಕಟ್ಟಿದರು. ಅವರಲ್ಲಿ ಹಲವರು ಅದಕ್ಕೂ ಮುಂಚೆ ಪಶ್ಚಿಮ ಬಂಗಾಳದ ಬಕ್ಸಾ ಶಿಬಿರದಲ್ಲಿ ಕಷ್ಟಪಟ್ಟವರು. ನಮ್ಮವರು ಲಾಮಾ ಕ್ಯಾಂಪ್ ಎಂದು ಕರೆಯುವುದು ಈ ಮಠಗಳ ಜಾಗವನ್ನೇ.

ಪಾಠ ನಡೆಯುವುದು ಟಿಬೆಟಿಯನ್ ಭಾಷೆಯಲ್ಲಿ. ಚಿಕ್ಕವರು ಬೆಳಿಗ್ಗೆ ಸಂಜೆ ದೊಡ್ಡ ದನಿಯಲ್ಲಿ ಗ್ರಂಥ ಬಾಯಿಪಾಠ ಮಾಡುತ್ತಾರೆ. ಆಮೇಲೆ ವಾದ ಕಲಿಯುತ್ತಾರೆ. ಅದು ಬಣ್ಣಗಳ ಬಗ್ಗೆ ಸರಳ ಪ್ರಶ್ನೆಗಳಿಂದ ಶುರುವಾಗುತ್ತದೆ. ಒಬ್ಬ ಕೂತು ಉತ್ತರ ಹೇಳುತ್ತಾನೆ, ಇನ್ನೊಬ್ಬ ನಿಂತು, ಕಾಲು ನೆಲಕ್ಕೆ ಅಪ್ಪಳಿಸಿ, ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಜಗಳ ಅಂದುಕೊಳ್ಳಬೇಡಿ, ಅದೇ ತರಗತಿ. ಈ ಓದಿನ ಅತಿ ದೊಡ್ಡ ಪದವಿಯಾದ ಗೆಶೆ ಮುಟ್ಟಲು ಹದಿನೈದು ಇಪ್ಪತ್ತು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಈಚಿನ ವರ್ಷಗಳಲ್ಲಿ ವಿಜ್ಞಾನದ ಪಾಠವೂ ಸೇರಿದೆ.

ಭಿಕ್ಷುಗಳ ನಿಯಮಗಳಾದ ವಿನಯದ ಪ್ರಕಾರ ಚಿಕ್ಕ ಹುಡುಗ ಶ್ರಾಮಣೇರ, ಅಂದರೆ ಕಲಿಯುವ ಮರಿ ಭಿಕ್ಷು, ಆಗಬಹುದು, ಪೂರ್ಣ ಭಿಕ್ಷು ಆಗಲು 20 ವರ್ಷ ತುಂಬಬೇಕು. ತಂದೆ ತಾಯಿಯ ಒಪ್ಪಿಗೆ ಬೇಕೇ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ಕನ್ನಡದ ಮನೆಯ ಮಗುವನ್ನು ಏಳೆಂಟು ವರ್ಷಕ್ಕೆ ಬೇರೆ ಭಾಷೆಯ, ಬೇರೆ ಊಟದ ಜಾಗಕ್ಕೆ ಬಿಡುವುದು ನನಗೆ ಒಪ್ಪಿಗೆ ಇಲ್ಲ. ಹತ್ತನೇ ತರಗತಿ ಮುಗಿಯಲಿ. ಆಮೇಲೂ ಅವನಿಗೆ ಆಸೆ ಇದ್ದರೆ ಆಗ ಯೋಚಿಸಿ. ಬಡತನದ ಕಾರಣಕ್ಕೆ ಕಳಿಸುವುದಾದರೆ ಮೊದಲು ಸರ್ಕಾರಿ ಹಾಸ್ಟೆಲ್, ಮೊರಾರ್ಜಿ ವಸತಿ ಶಾಲೆ ವಿಚಾರಿಸಿ.

ಯಾವುದೇ ಮಠ, ಯಾವುದೇ ವಸತಿ ಶಾಲೆ ಇರಲಿ, ಕೆಲವು ವಿಷಯ ಕೇಳಲೇಬೇಕು. ಮಗು ಬೇಕಾದಾಗ ಫೋನ್ ಮಾಡಬಹುದಾ? ನೀವು ಹೇಳದೆ ಹೋಗಿ ನೋಡಬಹುದಾ? ರಾತ್ರಿ ಯಾರ ಜೊತೆ ಮಲಗುತ್ತಾನೆ? ಬೇಡ ಅನ್ನಿಸಿದರೆ ನಾಳೆಯೇ ಮನೆಗೆ ಬರಬಹುದಾ? ಉತ್ತರ ಹೇಳಲು ಹಿಂದೆಮುಂದೆ ನೋಡಿದರೆ ಸೇರಿಸಬೇಡಿ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ಹೆಣ್ಣುಮಕ್ಕಳಿಗೂ ಇದೇ ಶಿಕ್ಷಣ ಸಿಗುತ್ತದಾ?

ಸಿಗುವಂತೆ ಮಾಡಿಕೊಂಡಿದ್ದಾರೆ. ಬುದ್ಧನನ್ನು ಸಾಕಿದ ಮಹಾಪ್ರಜಾಪತಿ ಗೋತಮಿ ಮೊದಲು ಕೇಳಿದಾಗ ಅವಳಿಗೂ ಸಂಘದ ಬಾಗಿಲು ತೆರೆಯಲಿಲ್ಲ. ಅವಳು ತಲೆ ಬೋಳಿಸಿಕೊಂಡು, ಕಾಲು ಊದಿಸಿಕೊಂಡು ವೈಶಾಲಿಯವರೆಗೆ ನಡೆದಳು. ಬುದ್ಧನ ಶಿಷ್ಯ ಆನಂದ ಅವಳ ಪರವಾಗಿ ಮಾತಾಡಿದ ಮೇಲೆ ಬಾಗಿಲು ತೆರೆಯಿತು. ಟಿಬೆಟಿಯನ್ ಪರಂಪರೆಯಲ್ಲಿ ಗೆಶೆ ಪದವಿಗೆ ಸಮನಾದ ಗೆಶೆಮಾ ಪದವಿ 20 ಭಿಕ್ಷುಣಿಯರಿಗೆ ಮೊದಲ ಸಲ ಒಟ್ಟಿಗೆ ಸಿಕ್ಕಿದ್ದು 2016ರ ಡಿಸೆಂಬರ್‌ನಲ್ಲಿ, ನಮ್ಮ ಮುಂಡಗೋಡದ ದ್ರೆಪುಂಗ್ ಮಠದಲ್ಲೇ, ದಲೈ ಲಾಮಾ ಅವರ ಸಮ್ಮುಖದಲ್ಲಿ. ಅಲ್ಲಿ ಜಾಂಗ್‌ಚುಬ್ ಚೋಲಿಂಗ್ ಎಂಬ ಭಿಕ್ಷುಣಿಯರ ಮಠವೂ ಇದೆ. ಮಗಳಿದ್ದವರು ತಪ್ಪದೆ ಅಲ್ಲಿಗೂ ಕರೆದುಕೊಂಡು ಹೋಗಿ. ವಾದದ ಅಂಗಳದಲ್ಲಿ ಚಪ್ಪಾಳೆ ಹೊಡೆದು ಪ್ರಶ್ನೆ ಕೇಳುವ ಹೆಂಗಸರನ್ನು ಅವಳು ನೋಡಲಿ.

ಮುಂಡಗೋಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಏನು ಗಮನಿಸಬೇಕು?

ಚಪ್ಪಲಿ ಹೊರಗೆ ಬಿಡಿ. ಸ್ತೂಪ, ಪ್ರಾರ್ಥನಾ ಚಕ್ರಗಳನ್ನು ಬಲಗೈ ಕಡೆಗೆ ಇಟ್ಟುಕೊಂಡೇ ಸುತ್ತಬೇಕು. ಭಿಕ್ಷುಗಳ ಫೋಟೋ ತೆಗೆಯುವ ಮುಂಚೆ ಕೇಳಿ. ಚಿಕ್ಕ ಲಾಮಾಗಳನ್ನು ಬೊಟ್ಟು ಮಾಡಿ ತೋರಿಸಬೇಡಿ, ಅವರೂ ನಿಮ್ಮ ಮಕ್ಕಳ ಹಾಗೆ ಶಾಲೆಯ ಮಕ್ಕಳೇ. ನಮಗೆ ಅನುಮತಿ ಪತ್ರ ಬೇಕಿಲ್ಲ, ವಿದೇಶಿಯರಿಗೆ ಬೇಕು. ಫೆಬ್ರವರಿ ಮಾರ್ಚ್ ಸುಮಾರಿಗೆ ಲೋಸಾರ್ ಹೊಸವರ್ಷ, ಡಿಸೆಂಬರ್ ಸುಮಾರಿಗೆ ಗುರು ಚೊಂಗ್‌ಖಾಪಾ ಅವರ ನೆನಪಿನ ದೀಪದ ಹಬ್ಬ ಬರುತ್ತದೆ. ದೀಪದ ಹಬ್ಬ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಮೊಮೊ ತಿನ್ನಿಸಲು ಮರೆಯಬೇಡಿ.

ನಮಗೇ ಜಾಸ್ತಿ ಗೊತ್ತಿಲ್ಲ. ಕನ್ನಡದಲ್ಲಿ ಎಲ್ಲಿಂದ ಶುರು ಮಾಡುವುದು?

ಬೆಂಗಳೂರಿನ ಮಹಾಬೋಧಿ ಸೊಸೈಟಿಯನ್ನು ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದರು. ಪಾಲಿ ಗ್ರಂಥಗಳ ಕನ್ನಡ ಅನುವಾದಗಳು ಅಲ್ಲಿ ಸಿಗುತ್ತವೆ. ಧಮ್ಮಪದ ಮತ್ತು ಜಾತಕ ಕಥೆಗಳು, ಇವೆರಡರಿಂದ ಶುರು ಮಾಡಿ. ದಿನಕ್ಕೆ ಒಂದು ಪುಟ ಮಗುವಿನ ಜೊತೆಗೇ ಓದಿ. ಅರ್ಥವಾಗದ ಕಡೆ ಮಗುವಿನ ಎದುರೇ 'ನನಗೂ ಗೊತ್ತಿಲ್ಲ, ಕೇಳೋಣ' ಅನ್ನಿ. ಹತ್ತಿರದ ಮೂರು ನಾಲ್ಕು ಮನೆಯವರು ಹುಣ್ಣಿಮೆಗೆ ಒಟ್ಟಿಗೆ ಸೇರುವ ರೂಢಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಒಬ್ಬರು ಕಥೆ ಹೇಳಲಿ, ಮಕ್ಕಳು ಪ್ರಶ್ನೆ ಕೇಳಲಿ, ಒಟ್ಟಿಗೆ ಊಟ ಮಾಡಿ. ಜಾಗ ಸಿಗದಿದ್ದರೆ ಯಾರದಾದರೂ ಮನೆಯ ಜಗುಲಿ ಸಾಕು.